ಅಣ್ಣ ಎಳೆಸಿದ ವೈರು

ಚನ್ನರಾಯಪಟ್ಟಣ
೬-೨-೨೦೦೭

ಚಿ॥ ಸೌ॥ ಮರುದೇವಿಗೆ ನಿನ್ನ ಚಿಕ್ಕಣ್ಣ ಮಹಾವೀರನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಶುರುಮಾಡಿಯೇ ನನಗೆ ಅಭ್ಯಾಸ. ಈ ಸಲ ಆ ಸಾಲು ಕೈಗೆ ಬರಲಿಲ್ಲ. ದೊಡ್ಡಣ್ಣನಿಗೆ ಲಕ್ವ ಹೊಡೆದು ಇವತ್ತಿಗೆ ಹದಿನಾರು ದಿನ. ಫೋನಿನಲ್ಲಿ ನೀನು ಅಳುತ್ತಾ “ಹೇಗಾಯ್ತು ಹೇಳು” ಎಂದಾಗಲೆಲ್ಲ “ಕಾಗದ ಬರೀತೀನಿ” ಎಂದು ಇಟ್ಟುಬಿಟ್ಟೆ. ಮೂರು ಸಲ ಬರೆದು ಹರಿದಿದ್ದೇನೆ. ತಡವಾಯಿತೆಂದು ಬೇಸರ ಮಾಡಬೇಡ.

ನಮ್ಮಿಬ್ಬರ ಮಾತು ನಿಂತದ್ದು ನಿನ್ನೆದುರಿಗೇ. ಮನೆ ಪಾಲಾದ ದಿನ ನೆಂಟರ ಮುಂದೆ ಅಣ್ಣ, “ಅಮ್ಮ ಹಾಸಿಗೆ ಹಿಡಿದಾಗ ನೀನೆಲ್ಲಿದ್ದೆ?” ಎಂದು ಕೇಳಿದ್ದು ನಿನಗೆ ನೆನಪಿರಬಹುದು. ಅವತ್ತೇ ಸಂಜೆ ನಡುಬಾಗಿಲಿಗೆ ನಾನೇ ಹಲಗೆ ಹೊಡೆದೆ. ಮುಂದಿನ ಭಾಗ ಅವನಿಗೆ, ಹಿಂದಿನದು ನನಗೆ. ದೊಡ್ಡತ್ತಿಗೆ ತೀರಿಕೊಂಡಾಗಲೂ ಹೆಣಕ್ಕೆ ಹೆಗಲು ಕೊಟ್ಟು, ಮಾತಾಡದೆ ಬಂದೆ. ಏಳು ವರ್ಷ ಹಾಗೇ ಕಳೆಯಿತು.

ನಿನಗೆ ಗೊತ್ತಿಲ್ಲದ ಸಂಗತಿ ಈಗ ಹೇಳುತ್ತೇನೆ. ಹೋದ ದೀಪಾವಳಿಗೆ ಅಣ್ಣ ಮಾಳಿಗೆಯ ಮೇಲೆ ಡಿಶ್ ಹಾಕಿಸಿದ. ಹಾಕಲು ಬಂದಿದ್ದ ಶಿವಯ್ಯ ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲು ತಟ್ಟಿದ. ಗೋಡೆಗೆ ತೂತು ಕೊರೆದು ಒಂದು ಕರಿ ವೈರು ನಮ್ಮ ಕೋಣೆಗೆ ಇಳಿಸಿ ನಮ್ಮ ಹಳೇ ಟಿ.ವಿ.ಗೆ ಸಿಕ್ಕಿಸಿದ.

“ಯಾರು ಹೇಳಿದ್ದು ನಿಂಗೆ?” ಎಂದು ನಾನು ರೇಗಿದೆ.

“ನಿಮ್ಮಣ್ಣೋರೇ ಏಳಿದ್ದು ಕಣ್ ಸಾ. ‘ಮೇಷ್ಟ್ರಾದವನು ಗುಂಡಯ್ಯನ ಅಂಗಡಿ ಮುಂದೆ ರಸ್ತೇಲಿ ನಿಂತ್ಕಂಡು ಮ್ಯಾಚ್ ನೋಡ್ತಾನೆ, ಚೆಂದಾಗಿರಲ್ಲ, ಅವನ ರೂಮಿಗೂ ಒಂದು ವೈರ್ ಎಳದ್ಬುಡು’ ಅಂದ್ರು. ಆದ್ರೆ ಒಂದೇ ಡಬ್ಬ ಸಾ. ಅವರು ಅಲ್ಲಿ ಏನ್ ಆಕ್ಕಂತಾರೋ ನಿಮ್ಗೂ ಅದೇ ಬತ್ತದೆ. ಚಾನೆಲ್ ತಿರುಗ್ಸೋದು ಅವರ ಕೈಲೇ. ನೀವು ಸೌಂಡು ಎಚ್ಚುಕಮ್ಮಿ ಮಾಡ್ಕಬೌದು, ಅಷ್ಟೇಯ.”

ಕಿತ್ತು ಬಿಸಾಡಬೇಕು ಅನ್ನಿಸಿತು. ನಿನ್ನ ಅತ್ತಿಗೆ ಬಿಡಲಿಲ್ಲ. ಮಾರನೆಯ ವಾರ ಮ್ಯಾಚ್ ಇತ್ತು. ಟಾಸ್ ಹಾಕುವುದಕ್ಕೆ ಸರಿಯಾಗಿ ನಮ್ಮ ಟಿ.ವಿ.ಯಲ್ಲಿ ಮೈದಾನ ಕಾಣಿಸಿಕೊಂಡಿತು. ಅಣ್ಣನಿಗೆ ಕ್ರಿಕೆಟ್ಟಿನ ತಲೆಬುಡ ಗೊತ್ತಿಲ್ಲ, ನಿನಗೂ ಗೊತ್ತಲ್ಲ. ಆದರೂ ಕೊನೆಯ ಬಾಲಿನ ತನಕ ಚಾನೆಲ್ ಬದಲಾಗಲಿಲ್ಲ. ಆಮೇಲೆ ಪ್ರತಿ ಮ್ಯಾಚಿಗೂ ಹಾಗೇ. ನಾನು “ಹೊಡೀ” ಎಂದು ಕೂಗಿದರೆ ಗೋಡೆಯಾಚೆ ಅವನು ಕೆಮ್ಮುವುದು ಕೇಳಿಸುತ್ತಿತ್ತು. ಸುಖವಾಗಿತ್ತು ಕಣೇ. ಸುಖವಾಗಿತ್ತೆಂದು ಒಪ್ಪಿಕೊಳ್ಳಲು ಮಾತ್ರ ನನ್ನ ಹಟ ಬಿಡಲಿಲ್ಲ.

ಜನವರಿ ಇಪ್ಪತ್ತು, ಶನಿವಾರ. ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಎದುರಾದ. ನಿಂತು “ಮಹಾವೀರ” ಎಂದ. ಏಳು ವರ್ಷದ ಮೇಲೆ ಅವನ ಬಾಯಲ್ಲಿ ನನ್ನ ಹೆಸರು. ನನ್ನ ಜೊತೆಗೆ ನಮ್ಮ ಸ್ಕೂಲಿನ ಇಬ್ಬರು ಮೇಷ್ಟ್ರುಗಳಿದ್ದರು. ನಾನು ಕೇಳಿಸದವನ ಹಾಗೆ ಬಸ್ ಹತ್ತಿದೆ.

ಮಾರನೆಯ ದಿನ ಇಂಡಿಯಾದ ಮ್ಯಾಚ್. ನಿನ್ನ ಅತ್ತಿಗೆ ಬೆಳಿಗ್ಗೆಯೇ ಜಿನನಾಥಪುರದ ಬಸದಿಗೆ ಹೋಗಿದ್ದಳು. ನಾನು ಟಿ.ವಿ. ಹಾಕಿದರೆ ಯಾರೋ ಹೆಂಗಸು ಮಿಕ್ಸಿ ಮಾರುತ್ತಿದ್ದಾಳೆ. ಮ್ಯಾಚ್ ಶುರುವಾಗುವ ಹೊತ್ತಾಯಿತು, ದಾಟಿತು, ಮಿಕ್ಸಿ ಹೋಗಿ ಬೊಜ್ಜು ಕರಗಿಸುವ ಬೆಲ್ಟು ಬಂತು. ಶನಿವಾರದ ಸೇಡು ತೀರಿಸುತ್ತಿದ್ದಾನೆ ಎಂದುಕೊಂಡೆ. ಗುಂಡಯ್ಯನ ಅಂಗಡಿಗೆ ಹೋಗುವುದಕ್ಕೂ ಅಭಿಮಾನ ಅಡ್ಡಬಂತು. ಇಡೀ ದಿನ ಆ ಬೆಲ್ಟು ನೋಡಿಕೊಂಡು ಹಲ್ಲು ಕಡಿಯುತ್ತಾ ಕೂತೆ.

ಸಂಜೆ ಐದೂವರೆಗೆ ಇವಳು ಬಂದಳು. ಕೈಕಾಲು ತೊಳೆದು ಹಿತ್ತಲಿನಿಂದ ಒಳಗೆ ಬಂದವಳು, “ರೀ, ಭಾವನೋರ ಅಡುಗೆಮನೇಲಿ ಸದ್ದೇ ಇಲ್ವಲ್ಲ. ಹೊತ್ತು ಮುಳುಗ್ತಾ ಬಂತು, ಊಟ ಮಾಡ್ಲಿಲ್ವಾ ಅವರು?” ಎಂದಳು.

ಮರುದೇವಿ, ಆ ಮಾತು ಕೇಳಿದ ತಕ್ಷಣ ಎದ್ದು ನಿಂತೆ. ಜ್ವರವಿರಲಿ, ಸಾವಿನ ಮನೆಯಿರಲಿ, ಹೊತ್ತು ಮುಳುಗುವ ಮುಂಚೆ ಅಣ್ಣ ಉಣ್ಣದೆ ಇದ್ದದ್ದಿಲ್ಲ. ಓಡಿಹೋಗಿ ನೋಡಿದರೆ ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಕೂಗಿ ಕೂಗಿ ಸಾಕಾಯಿತು. ಹಾರೆ ತಂದು ನಡುಬಾಗಿಲ ಹಲಗೆ ಕಿತ್ತೆ.

ಅಣ್ಣ ನೆಲದ ಮೇಲೆ, ಗೋಡೆಗೆ ಒತ್ತಿಕೊಂಡು ಬಿದ್ದಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಪಂಚೆ ಒದ್ದೆ. ರಿಮೋಟು ಮಂಚದ ಕೆಳಗೆ. ಕಣ್ಣು ಮಾತ್ರ ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು. ಟಿ.ವಿ.ಯಲ್ಲಿ ಅದೇ ಬೆಲ್ಟಿನವಳು ನಗುತ್ತಿದ್ದಳು. ಇವಳು “ಎತ್ರೀ!” ಎಂದು ಕಿರುಚಿದ ಮೇಲೆಯೇ ಅವನನ್ನು ಎತ್ತಿದ್ದು.

ಹಾಸನದ ಆಸ್ಪತ್ರೆಯಲ್ಲಿ ಮೊದಲ ನಾಲ್ಕು ದಿನ ಅವನ ಪಕ್ಕದಲ್ಲೇ ಕೂತಿದ್ದೆ. ಕ್ಷಮಿಸು ಅನ್ನಬೇಕೆಂದು ಬಾಯಿಗೆ ಬರುತ್ತಿತ್ತು, ಅವನ ಹೊದಿಕೆ ಸರಿಮಾಡುತ್ತಿದ್ದೆ. ನಾಲ್ಕನೆಯ ದಿನ ಅವನ ತುಟಿ ಅಲುಗಿತು. ನಾನು ಕಿವಿ ಹತ್ತಿರ ತಂದೆ. ತೊದಲುತ್ತಾ, “ಗೆ... ಗೆದ್ವಾ?” ಎಂದ.

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮ್ಯಾಚ್ ಏನಾಯಿತೆಂದು ನನಗೆ ಗೊತ್ತೇ ಇರಲಿಲ್ಲ. “ಗೆದ್ವಿ ಅಣ್ಣ” ಎಂದು ಹೇಳಿ ವಾರ್ಡಿನ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಮೊನ್ನೆ ಮನೆಗೆ ಕರೆತಂದಿದ್ದೇವೆ. ಬಲಗೈ ಪೂರ್ತಿ ಹೋಗಿದೆ, ಕಾಲು ಸ್ವಲ್ಪ ಸ್ವಾಧೀನಕ್ಕೆ ಬರಬಹುದಂತೆ. ಮಾತು ದಿನದಿಂದ ದಿನಕ್ಕೆ ತಿಳಿಯಾಗುತ್ತಿದೆ. ನಿನ್ನ ಅತ್ತಿಗೆಯೇ ಹೊತ್ತು ಮುಳುಗುವ ಮುಂಚೆ ಗಂಜಿ ಕುಡಿಸುತ್ತಾಳೆ. ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ನೀನು ಬಾ. ನಿನಗೂ ಯಜಮಾನರಿಗೂ ಮಕ್ಕಳಿಗೂ ಭಗವಂತ ಒಳ್ಳೆಯದು ಮಾಡಲಿ.

ನಿನ್ನ
ಚಿಕ್ಕಣ್ಣ
ಮಹಾವೀರ

ತಾ.ಕ.: ಹರಿದ ಮೂರೂ ಕಾಗದದಲ್ಲಿ ಇದನ್ನು ಬರೆದಿರಲಿಲ್ಲ. ಯಾವಾಗ ಆದದ್ದು ಎಂದು ಡಾಕ್ಟರು ಕೇಳಿದರು. “ಗೊತ್ತಿಲ್ಲ, ಸಂಜೆ ನೋಡಿದೆವು” ಎಂದೆ. ಮೂರ್ನಾಲ್ಕು ಗಂಟೆಯೊಳಗೆ ತಂದಿದ್ದರೆ ಕೈ ಉಳಿಯುತ್ತಿತ್ತೇನೋ ಎಂದರು. ನನಗೆ ಗೊತ್ತಿತ್ತು ಮರುದೇವಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವನು ಗೋಡೆ ತಟ್ಟಿದ. ಮೆಲ್ಲಗೆ, ಬಿಟ್ಟು ಬಿಟ್ಟು, ತುಂಬ ಹೊತ್ತು ತಟ್ಟಿದ. ಅಣಕಿಸುತ್ತಿದ್ದಾನೆ ಎಂದುಕೊಂಡು ನಾನು ಟಿ.ವಿ. ಸೌಂಡು ಪೂರ್ತಿ ಏರಿಸಿ ಕೂತೆ. ಅಷ್ಟು ಜೋರು ಅವನಿಗೆ ಕೇಳಿಸದೆ ಇರುವುದುಂಟೇ? ನಿನ್ನ ಅತ್ತಿಗೆಗೂ ಇದನ್ನು ಹೇಳಿಲ್ಲ. ನಿನ್ನೆ ಅಣ್ಣನ ಮುಖ ಒರೆಸುತ್ತಿದ್ದೆ. ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು, “ಅವತ್ತು ನೀನು ಮನೇಲಿರ್ಲಿಲ್ಲ, ಅಲ್ವಾ?” ಎಂದ. ನಾನು “ಇರ್ಲಿಲ್ಲ ಅಣ್ಣ” ಎಂದುಬಿಟ್ಟೆ.