ಎಡೆಯ ಗ್ಲಾಸು

ಅಪ್ಪಾ,

ಈ ಸಲದ ಹಿರಿಯರ ಹಬ್ಬಕ್ಕೂ ನಿನ್ನ ಫೋಟೋ ಮುಂದೆ ಬಾಡೂಟ, ಬೀಡಿ, ಒಂದು ಗ್ಲಾಸು ಬ್ರಾಂದಿ ಎಡೆ ಇಟ್ಟೆವು. ಗ್ಲಾಸಿಗೆ ಸುರಿದವಳು ನಾನೇ. ಪೂಜೆ ಮುಗಿದ ಮೇಲೆ ತಮ್ಮ ಮುನೀಂದ್ರ ಅದನ್ನು ಕುಡಿದು, ಅತ್ತೆಗೆ ಸಾರು ಕೊಟ್ಟು ಬರಲು ಬೈಕಿನಲ್ಲಿ ಬಂಗಾರಪೇಟೆಗೆ ಹೊರಟ. ಡಬ್ಬಿ ಕಟ್ಟಿಕೊಟ್ಟವಳೂ ನಾನೇ.

ದಾರಿಯಲ್ಲಿ ಪೊಲೀಸರು ಹಿಡಿದರಂತೆ. “ಅಪ್ಪಂಗಿಟ್ಟ ಎಡೆ ಸಾರ್, ಚೆಲ್ಲಬಾರ್ದು ಅಂತ ಕುಡ್ದೆ” ಅಂದನಂತೆ ಇವನು.

“ಯಾರ ಎಡೆ ಆದ್ರೇನ್ಲಾ, ಊದು” ಅಂದರಂತೆ ಅವರು.

ಊದಿದ. ಮಿಷನ್ನು ಕೂಗಿತು. ಬೈಕು ಈಗ ಸ್ಟೇಷನ್ನಿನಲ್ಲಿದೆ.

ಸೋಮವಾರ ಕೋರ್ಟು. ಮೊದಲನೇ ಸಲವಾದರೂ ದಂಡವೋ ಜೈಲೋ ಎರಡೂನೋ ಆಗಬಹುದು, ಲೈಸೆನ್ಸೂ ಅಮಾನತಾಗಬಹುದು ಅಂದರು ವಕೀಲರು. ಲೈಸೆನ್ಸ್ ಇಲ್ಲದೆ ಅವನು ಫ್ಯಾಕ್ಟರಿ ಬಸ್ಸು ಓಡಿಸುವುದು ಹೇಗೆ? ನನಗೂ ಅವನಿಗೂ ಅನ್ನ ಸೇರುತ್ತಿಲ್ಲ. “ಆ ಪೊಲೀಸಪ್ಪ ಓಗ್ಲಿ ಅಂತ ಬಿಟ್ಬಿಡಬೋದಿತ್ತು ಕಣಕ್ಕಾ” ಅಂತ ಒಂದೇ ಸಮನೆ ಅದನ್ನೇ ಹೇಳುತ್ತಾನೆ.

ನಾನು ಹೂಂ ಅನ್ನಲಿಲ್ಲ. ನೀನು ಕುಡಿದು ಲಾರಿಗೆ ಗುದ್ದಿದ ದಿನ, ಆ ಕೋರಮಂಡಲ್ ತಿರುವಿನವರೆಗೂ ನಿನ್ನನ್ನು ಯಾರೂ ಹಿಡಿಯಲಿಲ್ಲವಲ್ಲ, ಅಪ್ಪಾ.