ನೇರಳೆ ಮರದ ಹಿಡಿ

ಭವಾನಕ್ಕನಿಗೆ ತಮ್ಮ ಉಜ್ಜನಪ್ಪನ ನಮಸ್ಕಾರ.

ನೀನು ವಾಪಸ್ ಕಳಿಸಿದ ಚಾಕು ನಿನ್ನೆ ಸಿಕ್ಕಿತು. ನಿನ್ನ ಮಗಳು ವಿದ್ಯಾಶ್ರೀ ಶಿವಮೊಗ್ಗದಿಂದ ಬಸ್ಸಿನಲ್ಲಿ ತಂದುಕೊಟ್ಟಳು. ಹಿಡಿ ತುಂಬಾ ಚಂದವಿದೆ, ಬಳಸಿ ಹಾಳು ಮಾಡುವುದು ಬೇಡ ಎಂದು ಹೇಳಿ ಕಳಿಸಿದೆಯಂತೆ. ಚಾಕು ಮಾಡಿಕೊಟ್ಟಿದ್ದು ತರಕಾರಿ ಹೆಚ್ಚಲಿಕ್ಕೆ, ಶೋಕೇಸಿಗಲ್ಲ. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು.

ಈಗೀಗ ಸಿಟ್ಟು ಮಾಡಿಕೊಂಡರೂ ಆಯಾಸವಾಗುತ್ತದೆ. ಕುಂಸಿ ಕಡೆ ರಸ್ತೆ ಅಗಲ ಮಾಡುವಾಗ ಉರುಳಿಸಿದ ನೇರಳೆ ಮರದ ತುಂಡಿನಿಂದ ಮಾಡಿದ ಹಿಡಿ ಅದು. ಸೌದೆಗೆ ಹೋಗುತ್ತಿದ್ದುದನ್ನು ಬೇಡಿ ತಂದು, ಓಲ್ಡ್ ಟೌನಿನ ಈ ಮನೆಯ ಹಿಂದೆ ನೆರಳಲ್ಲಿ ಒಣಗಿಸಿದ್ದೆ. ಹಸಿ ಮರದಲ್ಲಿ ಹಿಡಿ ಮಾಡಿದರೆ ಬಿರುಕು ಬಿಟ್ಟು ಅಲಗು ಅಲ್ಲಾಡುತ್ತದೆ. ಕೆತ್ತಿ, ಉಜ್ಜಿ, ಅರಗು ಕಾಯಿಸಿ ಅಲಗು ಕೂರಿಸುವಷ್ಟರಲ್ಲಿ ಭುಜ ಸೋತುಹೋಗುತ್ತದೆ. ಮಾವು, ಹಲಸು, ಎಲ್ಲಿ ಏನು ಕಡಿದರೂ ತುಂಡು ಬೇಕೇ ಎಂದು ಜನ ನನಗೆ ಫೋನ್ ಮಾಡುತ್ತಾರೆ. ನಿಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪ್ಲಾಸ್ಟಿಕ್ ಹಿಡಿಯ ಚಾಕು ರಾಶಿ ಬಿದ್ದಿರುವಾಗ ನನ್ನದನ್ನು ಕೊಳ್ಳುವವರು ಯಾರು ಎಂದು ಅವರಿಗೆ ಹೇಳಲೂ ಬೇಸರ.

ನಿನ್ನದು ಮಾತ್ರ ಬೇರೆ. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈಗೆ ಕೆಲಸ ಕೊಡುತ್ತಿದ್ದರೇ ಅದು ಸರಿಹೋಗುವುದು ಎಂದು ಡಾಕ್ಟರ್ ಹೇಳಿದ್ದರು. ಈಳಿಗೆಮಣೆಯ ಮುಂದೆ ಕೂರಲಾಗದೆ, ಅಡುಗೆಮನೆಯೇ ಕೈತಪ್ಪಿತು ಎಂದು ನೀನು ಅತ್ತಿದ್ದೆ. ಅದಕ್ಕೇ ಚಪಾತಿ ಹಿಟ್ಟಿನ ಉಂಡೆಯನ್ನು ಬಲಗೈಯಲ್ಲಿ ಹಿಡಿದು ಒತ್ತಿ, ಒಣಗಿಸಿ ಕಳಿಸು ಎಂದಿದ್ದೆ. ನಾನು ಗಿರಾಕಿಗಳ ಅಳತೆ ತೆಗೆಯುವುದೇ ಹಾಗೆ. ನೀನು ಕಳಿಸಿದ ಉಂಡೆಯಲ್ಲಿ ಐದೂ ಬೆರಳು ಆಳವಾಗಿ ಊರಿದ್ದವು. ಅಕ್ಕನ ಕೈಗೆ ಬಲ ಬಂತು ಎಂದು ಹಿಗ್ಗಿಹೋದೆ. ಬೇರೇನೂ ನೋಡದೆ ಅದರಂತೆಯೇ ಕೆತ್ತಿದೆ.

ನಿನ್ನೆ ವಿದ್ಯಾಶ್ರೀ ಕಾಫಿ ಕುಡಿಯುತ್ತಿದ್ದಾಗ ಹಿಡಿ ನಿನ್ನ ಕೈಗೆ ಕೂರಲಿಲ್ಲವೇನೋ, ಎಲ್ಲಿ ತಪ್ಪಿದೆನೋ ನೋಡೋಣ ಎಂದು ಆ ಉಂಡೆಯನ್ನು ಮತ್ತೆ ತೆಗೆದೆ. ನನ್ನ ಬಲಗೈ ಅದರಲ್ಲಿ ಕೂರಲಿಲ್ಲ. ಎಡಗೈ ಇಟ್ಟೆ, ಸರಿಯಾಗಿ ಕೂತಿತು. ಹುಡುಗಿಯ ಮುಖ ನೋಡಿದೆ.

"ಅಮ್ಮಂಗೆ ಬಲಗೈಲಿ ಲೋಟ ಹಿಡಿಯೋಕೂ ಆಗ್ತಿಲ್ಲ ಮಾವ. ನಿಮಗೆ ಹೇಳ್ಬೇಡ ಅಂದಿದ್ರು," ಎಂದಳು.

ಫೋನಿನಲ್ಲಿ ಪ್ರತಿಸಲವೂ ನೀನು ಕೈ ಪೂರ್ತಿ ಸರಿಹೋಗಿದೆ ಎನ್ನುತ್ತಿದ್ದೆ. ನಾನೂ ನಂಬಿದೆ. ನಂಬುವುದು ನನಗೂ ಸುಲಭವಾಗಿತ್ತು. ಅವಳು ಬಸ್ಸು ಹತ್ತಿದ ಮೇಲೆ ಉಳಿ ಹಿಡಿಯಲು ಆಗಲಿಲ್ಲ. ಕೂತು ಅತ್ತುಬಿಟ್ಟೆ, ಅಕ್ಕ.

ಹಿಟ್ಟು ಕಲಸಲು ವಿದ್ಯಾಶ್ರೀಗೆ ಹೇಳು. ಈ ಸಲ ಬಲಗೈಯದೇ ಉಂಡೆ ಕಳಿಸು. ಎರಡೇ ಬೆರಳು ಊರಿದರೆ ಎರಡು ಬೆರಳಿಗೇ ಹಿಡಿ ಮಾಡುತ್ತೇನೆ. ಒಂದೂ ಊರದಿದ್ದರೆ ಅಂಗೈಗೆ ಪಟ್ಟಿ ಕಟ್ಟಿದರೆ ನಿಲ್ಲುವಂಥ ಹಿಡಿ ಮಾಡುತ್ತೇನೆ, ಮೆತ್ತಗಿನ ಬಾಳೆಹಣ್ಣು ಹೆಚ್ಚುವುದರಿಂದ ಶುರು ಮಾಡು. ಗುರುತೇ ಬೀಳದ ಉಂಡೆಯಾದರೂ ಪರವಾಗಿಲ್ಲ, ನಾಚಿಕೊಳ್ಳದೆ ಕಳಿಸು.

ದೇವರು ನಿನ್ನನ್ನು ನಮಗೆ ಬಹಳ ಕಾಲ ಉಳಿಸಲಿ.

ಉಂಡೆಯ ದಾರಿ ಕಾಯುತ್ತಿರುವ,
ನಿನ್ನ ತಮ್ಮ
ಉಜ್ಜನಪ್ಪ
ಭದ್ರಾವತಿ