ಏಳನೇ ನಂಬರಿನ ಆಮೆ

ಅಪ್ಪಾ,

ಇವತ್ತು ಲಾಂಡ್ರಿಯ ಮುಂದೆ, ನಿಂತ ಕಾರುಗಳ ನಡುವೆ, ಪೆಟ್ಟಿಗೆಯಂತೆ ಚಿಪ್ಪು ಮುಚ್ಚಿಕೊಂಡ ಕಾಡಾಮೆಯೊಂದು ಸಿಕ್ಕಿತು. ಬೆನ್ನ ಮೇಲೆ ನಮ್ಮೂರ ಜುಲೈ ಹಬ್ಬದ ಆಮೆ ಓಟಕ್ಕೆಂದು ಬಣ್ಣದಲ್ಲಿ ಬರೆದ ಏಳನೇ ನಂಬರು. ಗೆದ್ದಿರಲಾರದು; ಗೆದ್ದವರು ಈ ಊರಲ್ಲಿ ಉಳಿಯುವುದಿಲ್ಲ.

ಮನೆಗೆ ತಂದು ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟೆ. ತಿನ್ನಲು ಹಾಕಿದ ಸ್ಟ್ರಾಬೆರಿ ಮುಟ್ಟದೆ ಒಂದೇ ಬದಿಯನ್ನು ಕೆರೆಯುತ್ತಿತ್ತು.

"ಓಟಕ್ಕೆ ಅಂತ ಇದನ್ನ ಹಿಡಿದು ತಂದ ಕಾಡು ಆ ಕಡೆ ಇರ್ಬೇಕು. ಸಾಯೋವರೆಗೂ ಆ ಮನೇನೇ ಹುಡುಕುತ್ತೆ," ಎಂದ ಪಕ್ಕದ ಮನೆಯ ವೆಂಡೆಲ್.

"ಮನೆ ಬೆನ್ನ ಮೇಲೇ ಇದೆಯಲ್ಲೋ, ಇನ್ಯಾವ ಮನೆ?" ಎಂದೆ.

"ನಿಮ್ಮಪ್ಪನ ಹತ್ರಾನೂ ನೀನು ಹೀಗೇ ತಮಾಷೆ ಮಾಡ್ತಿದ್ದೆ."

ಕೊನೆಯ ದಿನಗಳಲ್ಲಿ ವೃದ್ಧಾಶ್ರಮದಲ್ಲಿ ನೀನು ಸದಾ ನಾವು ಮಾರಿದ ಹೊಲದ ದಿಕ್ಕಿನ ಕಿಟಕಿಗೇ ಮುಖ ಮಾಡಿ ಕೂತಿರುತ್ತಿದ್ದೆ. ನಾನು ಬಂದಾಗಲೆಲ್ಲ ನಿನ್ನ ಕುರ್ಚಿಯನ್ನು ಟಿವಿಯ ಕಡೆ ತಿರುಗಿಸುತ್ತಿದ್ದೆ.

ವೆಂಡೆಲ್ ಹೋದ ಮೇಲೆ ಟಬ್ಬನ್ನು ಅರ್ಧ ಸುತ್ತು ತಿರುಗಿಸಿದೆ. ಆಮೆ ನಿಧಾನವಾಗಿ ತಿರುಗಿ ಮತ್ತೆ ಅದೇ ದಿಕ್ಕಿಗೆ ನಿಂತಿತು.